ಬೋನಿಫಾಸರ ಕಿವಿ

ತೀರಿಕೊಂಡವರಿಗೆ ಲೋಕ ಹೇಗೆ ಕೇಳಿಸುತ್ತಿತ್ತೋ ಅದನ್ನು ಶ್ರವಣಯಂತ್ರಕ್ಕೆ ತುಂಬಿಸಿಕೊಳ್ಳುವುದು ಮಂಗಳೂರಿನಲ್ಲಿ ಆಗಲೇ ಕನ್ನಡಕದ ಗಾಜು ಬದಲಿಸಿದಷ್ಟು ಮಾಮೂಲಾಗಿತ್ತು. ಪಿಯಾನೊ ಕಲಿಸುವ ಎಮಿಲ್ಡಾ ಟೀಚರಿಗೆ ಮಾತ್ರ ಹಾಗೆ ತುಂಬಿಸಿದ ಯಾವ ‘ಕಿವಿ’ಯೂ ಒಗ್ಗಿರಲಿಲ್ಲ. ಮಾತು ಚೆನ್ನಾಗಿಯೇ ಕೇಳುತ್ತಿತ್ತು; ಪಿಯಾನೊ ಮುಟ್ಟಿದರೆ ತಗಡು ಬಡಿದ ಹಾಗೆ. ಅದಕ್ಕೇ ಶ್ರವಣಯಂತ್ರದ ಅಂಗಡಿಯ ಯತೀಶ ಪೆಟ್ಟಿಗೆ ಹಿಡಿದು ಮನೆಗೇ ಬಂದಿದ್ದ.

ಮೊದಲು ತೀರಿಕೊಂಡ ಒಬ್ಬ ಪಿಟೀಲು ವಿದ್ವಾಂಸರ ಕಿವಿ ಹಾಕಿ ನೋಡಿದರು. ಪ್ರತಿ ಸ್ವರವೂ ಚುಚ್ಚಿತು.

“ನಿಮ್ಮ ಯಜಮಾನರದ್ದು ಉಂಟಲ್ಲ ಟೀಚರ್, ಅದನ್ನು ಹಾಕ್ಲಾ?”

“ಅವರಿಗೆ ಸಂಗೀತ ಎಂತದೂ ಗೊತ್ತಿರಲಿಲ್ಲ ಮಾರಾಯ. ಹಡಗಿನ ಇಂಜಿನ್ ರೂಮಿನಲ್ಲಿ ಇದ್ದವರು. ಆಯ್ತು, ಹಾಕು.”

ಟೀಚರ್ ಪಿಯಾನೊದ ಎಡಗಡೆಯ, ತಗ್ಗು ಸ್ವರಗಳ ಕೀಗಳನ್ನು ಒತ್ತಿದರು. ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ ಅದೇ ನಾದ, ಮರದೊಳಗಿಂದ ತುಂಬಿಕೊಂಡು ಬಂತು. ಅವರ ಕಣ್ಣು ಒದ್ದೆಯಾಯಿತು. ಬಲಕ್ಕೆ ಸರಿದಂತೆ ನಾದ ತೆಳುವಾಗಿ, ಕೊನೆಗೆ ಕೀ ಒತ್ತಿದ ಸದ್ದು ಮಾತ್ರ ಉಳಿಯಿತು.

“ಇಂಜಿನ್ ಗದ್ದಲಕ್ಕೆ ಅವರಿಗೆ ಮೇಲಿನ ಸ್ವರ ಕೇಳದೆ ಹೋಗಿರ್ಬೇಕು. ಬೇರೆ ತೋರಿಸ್ತೇನೆ,” ಎಂದ ಯತೀಶ.

ಟೀಚರ್ ಕೈಯನ್ನು ಮತ್ತೆ ಎಡಕ್ಕೆ ತಂದರು. ಎಷ್ಟು ಹೊಸತು ಕಲಿತು ನುಡಿಸಿದರೂ ಗಂಡ ಬೋನಿಫಾಸ್ ಕೊನೆಗೆ ನುಡಿಸು ಎನ್ನುತ್ತಿದ್ದದ್ದು ಒಂದೇ, ಮಕ್ಕಳಿಗೆ ಕಲಿಸುವ ಒಂದು ನಿಧಾನದ ಜೋಗುಳ. ರುಚಿಯಿಲ್ಲದ ಮನುಷ್ಯ ಎಂದು ಟೀಚರ್ ನಗುತ್ತಿದ್ದರು. ಈಗ ಅದನ್ನೇ ನುಡಿಸಿದರು. ಇಡೀ ಜೋಗುಳ ಎಡಗಡೆಯ ಕೀಗಳಲ್ಲೇ ಇತ್ತು. ಒಂದು ಸ್ವರವೂ ತಪ್ಪಿಹೋಗದೆ ಕೇಳಿಸಿತು.

“ಬೇರೆ ಬೇಡ, ಇದೇ ಇರಲಿ. ತನಗೆ ಪೂರ್ತಿ ಕೇಳಿಸ್ತಿದ್ದದ್ದು ಇದೊಂದೇ ಅಂತ ನನಗೆ ಹೇಳಲೇ ಇಲ್ಲ ಅವರು,” ಎಂದು ಟೀಚರ್ ಮತ್ತೆ ಮೊದಲಿನಿಂದ ನುಡಿಸತೊಡಗಿದರು.