ಕಾಟಯ್ಯ ಪಾದ್ರಿಗಳ ಅಂಗೈ

ಶನಿವಾರ ಬೆಳಗ್ಗೆ ಜಯಶೀಲ ಮೇಷ್ಟ್ರು ಮತ್ತೋಡಿನ ಪ್ರೆಸ್ಬಿಟೇರಿಯನ್ ಚರ್ಚಿನ ಗೇಟು ತಳ್ಳಿಕೊಂಡು ಬಂದಾಗ ಅವರ ಕೈಚೀಲದಲ್ಲಿ ಬೈಬಲ್ ಇತ್ತು, ಬೈಬಲ್ಲಿನ ಕೆಳಗೆ ತೆಂಗಿನಕಾಯಿ ಇತ್ತು. ಬೈಬಲ್ ಇಟ್ಟುಕೊಂಡದ್ದೇ ಕಾಯಿ ಕಾಣದಿರಲಿ ಎಂದು. ಚರ್ಚಿನ ಸಭೆಯ ಹಿರಿಯರಲ್ಲೆಲ್ಲ ಹಿರಿಯರಾದ ಅವರು ಪಾದ್ರಿ ಕಾಟಯ್ಯನವರ ಮುಂದೆ ಚೀಲ ತೆರೆದು, ಗಂಟಲು ಸರಿಮಾಡಿಕೊಂಡು, ಬೇವಿನ ಮರದ ಕಡೆ ನೋಡಿದರು.

ಕಾಟಯ್ಯನವರಿಗೆ ನಗು ತಡೆಯಲಾಗಲಿಲ್ಲ. ಪಾದ್ರಿಯಾಗುವ ಮೊದಲು ಅವರು ಹೊಸದುರ್ಗ, ಹೊಳಲ್ಕೆರೆ ಕಡೆಯಲ್ಲೆಲ್ಲ ಬೋರ್‌ವೆಲ್‌ಗೆ ಪಾಯಿಂಟ್ ಹಾಕಿಕೊಡುತ್ತಿದ್ದವರು. ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುವುದು, ಕಾಯಿ ತಾನಾಗಿ ಎದ್ದು ನಿಂತಲ್ಲಿ ನೀರಿದೆಯೆಂದು ಗುರುತು ಹಾಕುವುದು, ಅದೇ ಹೊಟ್ಟೆಪಾಡಾಗಿತ್ತು. ಮತ್ತೋಡಿಗೆ ಪಾದ್ರಿಯಾಗಿ ಬಂದ ದಿನ, ಆ ಮೂಢನಂಬಿಕೆಯನ್ನು ಇನ್ನು ಮುಟ್ಟುವುದಿಲ್ಲ ಎಂದು ಎಲ್ಲರೆದುರು ಅವರಿಂದ ಮಾತು ತೆಗೆದುಕೊಂಡವರು ಬೇರೆ ಯಾರೂ ಅಲ್ಲ, ಇದೇ ಮೇಷ್ಟ್ರು.

"ಸೋಮವಾರ ಬೋರ್ ಲಾರಿ ಬರ್ತೈತೆ ಅಯ್ಯನೋರೆ. ಹೋದ ಸಲ ಬರೀ ಧೂಳು ಬಂತು. ಈ ಸಲನೂ ಹಂಗಾದ್ರೆ ಸಭೆಯೋರು ನನ್ನ ಮಕಕ್ಕೆ ಉಗೀತಾರೆ," ಎಂದರು ಮೇಷ್ಟ್ರು. "ನೀವು ನೋಡ್ರಿ. ನಾನು ಅತ್ಲಾಗೆ ತಿರುಗಿ ನಿಂತ್ಕತೀನಿ."

ಓ ಪಾಸಿಟಿವ್ ರಕ್ತದವರ ಕೈಯಲ್ಲಿ ಮಾತ್ರ ಕಾಯಿ ಏಳುತ್ತದೆ ಎಂದು ಆ ಕಡೆ ಜನ ಹೇಳುತ್ತಾರೆ. ತನ್ನದೂ ಅದೇ ರಕ್ತ, ಮನೆಯ ಹಿತ್ತಲಲ್ಲಿ ತಾನೂ ಕದ್ದು ನೋಡಿದ್ದಾಯಿತು, ಕಾಯಿ ಏಳಲಿಲ್ಲ ಎಂದು ಮೇಷ್ಟ್ರು ಒಪ್ಪಿಕೊಂಡರು. ಕಾಟಯ್ಯನವರು ಮೊದಲು ಒಲ್ಲೆ ಎಂದರು, ಆಮೇಲೆ ಚಪ್ಪಲಿ ಕಳಚಿದರು. ಅವರಿಗೂ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೇಟಿನ ಹತ್ತಿರ, ಬೇವಿನ ಮರದಡಿ, ಕಾಂಪೌಂಡಿನ ಮೂಲೆಮೂಲೆ ಸುತ್ತಿದರೂ ಕಾಯಿ ಮಿಸುಕಲಿಲ್ಲ. ಚರ್ಚಿನ ಹೊಸ್ತಿಲ ಮುಂದಂತೂ ಸತ್ತಂತೆ ಮಲಗಿತ್ತು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಟ್ಟಿಯ ಹುಚ್ಚಕ್ಕ ಗೇಟಿನಾಚೆ ನಿಂತು ಇಣುಕಿದಳು. ಅವಳ ಹೊಲಕ್ಕೆ ಪಾಯಿಂಟ್ ಹಾಕಿದ್ದೂ ಈ ಕೈಯೇ.

"ಏನಪ್ಪ ಕಾಟಯ್ಯ, ಮತ್ತೆ ಕಾಯಿ ಹಿಡಿದ್ಯಾ?"

ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಪಾದ್ರಿಗಳನ್ನು ರಟ್ಟೆ ಹಿಡಿದು ಚರ್ಚಿನೊಳಕ್ಕೆ ತಳ್ಳಿ, ಬಾಗಿಲು ಮುಂದಕ್ಕೆಳೆದು, ಕಾಯಿಯನ್ನು ಪ್ರಸಂಗಪೀಠದ ಹಿಂದೆ ಬಚ್ಚಿಡಲು ಸನ್ನೆ ಮಾಡಿದರು. ಕಾಟಯ್ಯನವರು ಪೀಠದ ಮೆಟ್ಟಿಲು ಹತ್ತಿದರು. ಅಂಗೈ ಮೇಲಿದ್ದ ಕಾಯಿ ಸರ್ರನೆ ಎದ್ದು ನಿಂತಿತು.

ಮೇಷ್ಟ್ರ ಹಿಗ್ಗು ಹೇಳತೀರದು. ಪೀಠದ ಹಿಂದಿನ ಗೋಡೆಯಾಚೆ ಲಾರಿ ನಿಲ್ಲಿಸಲು ಜಾಗ ಉಂಟು, ಅಲ್ಲೇ ಕೊರೆಸಿದರಾಯಿತು, ಯಾರಾದರೂ ಕೇಳಿದರೆ ನೀರು ಹುಡುಕುವ ಮಿಷಿನ್ನಿನವನು ತೋರಿಸಿದ ಎಂದರಾಯಿತು ಎಂದು ಆಗಲೇ ಹಂಚಿಕೆ ಹಾಕತೊಡಗಿದ್ದರು. ಕಾಟಯ್ಯನವರು ಮಾತ್ರ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅವರಿಗೆ ಭಯವಾಗಿತ್ತು. ಪ್ರತಿ ಭಾನುವಾರ ಇಲ್ಲಿ ನಿಂತು ಆಶೀರ್ವಾದಕ್ಕೆ ಕೈ ಎತ್ತಿದಾಗ ಅಂಗೈ ಜುಮ್ಮೆನ್ನುತ್ತದೆ, ಇಷ್ಟು ದಿನ ಅದನ್ನು ಪವಿತ್ರಾತ್ಮವೆಂದೇ ತಿಳಿದಿದ್ದೆ ಎಂದು ಮೆಲ್ಲಗೆ ಹೇಳಿದರು.

ಮೇಷ್ಟ್ರು ಹಂಚಿಕೆ ಬಿಟ್ಟು ಅವರ ಪಕ್ಕ ಬಂದು ಕೂತರು. ಕಾಟಯ್ಯನವರಿಗೆ ದೇವರ ಕರೆ ಬಂದ ಕತೆ ಸಭೆಯ ಮಕ್ಕಳಿಗೂ ಬಾಯಿಪಾಠ. ಚಿತ್ರದುರ್ಗದ ಒಂದು ಚರ್ಚಿಗೆ ಪಾಯಿಂಟ್ ಹಾಕಲು ಹೋದವರು ಬಿಸಿಲು ತಾಳದೆ ಒಳಗೆ ಹೋಗಿ ಕೂತಿದ್ದಾಗ, ಕೈಯಲ್ಲಿ ಕಾಯಿಯೇ ಇಲ್ಲದೆ, ಯಾರೋ ಅಂಗೈ ಹಿಡಿದು ಮೇಲಕ್ಕೆ ಸೆಳೆದಂತಾಗಿತ್ತು. ಆ ಒಂದು ಸೆಳೆತಕ್ಕೇ ಅವರು ಕಸುಬು ಬಿಟ್ಟು, ತಮ್ಮ ಹಟ್ಟಿಯವರ ಕೈಲಿ ಬೈಸಿಕೊಂಡು, ನಡುವಯಸ್ಸಿನಲ್ಲಿ ಪಾದ್ರಿ ಓದಿಗೆ ಸೇರಿದ್ದರು.

"ಆ ಚರ್ಚಲ್ಲಿ ಆಮೇಲೆ ಬೋರ್ ಕೊರೆಸಿದ್ರಾ?" ಎಂದರು ಮೇಷ್ಟ್ರು.

"ಕೊರೆಸಿದ್ರು."

"ಎಲ್ಲಿ?"

"ನಾನು ಕುಂತಿದ್ದ ಗೋಡೆಯಿಂದ ಆಚೆಗೆ."

"ನೀರು?"

"ಇವತ್ತಿಗೂ ಐತೆ."

ಹೊರಗೆ ಹುಚ್ಚಕ್ಕನ ಕುರಿಗಳು ಅರಚುತ್ತಾ ದೂರವಾದವು. ಈ ಗೋಡೆಯ ಸಹವಾಸವೇ ಬೇಡ, ಬೇರೆಲ್ಲಾದರೂ ಕೊರೆಸೋಣ, ಬಂದಷ್ಟು ಬರಲಿ ಎಂದು ಕೊನೆಗೆ ಮೇಷ್ಟ್ರೇ ಹೇಳಿದರು. ಪಾಪ, ಅವರಿಗೆ ಈಗ ಬೋರಿಗಿಂತ ಪಾದ್ರಿಗಳದೇ ಚಿಂತೆ. ಕಾಟಯ್ಯನವರು ಬೇಡವೆಂದು ತಲೆಯಾಡಿಸಿದರು.

"ಜನ ನೀರು ಕುಡೀಬೇಕು ಮೇಷ್ಟ್ರೆ. ಇಲ್ಲೇ ಕೊರೆಸ್ರಿ. ನನ್ನ ಕರೆ ದೇವ್ರದೋ ನೀರಿಂದೋ, ಅದೂ ಗೊತ್ತಾಗ್ಲಿ."

ಮಾರನೆಯ ದಿನ ಆರಾಧನೆ ಮುಗಿಯುವ ಹೊತ್ತಿಗೆ, ಹೊಸ ಬೋರಿನಲ್ಲಿ ನೀರು ಬರಲೆಂದು ಪ್ರಾರ್ಥಿಸಲು ಎಲ್ಲರೂ ತಲೆ ಬಾಗಿಸಿ ಕಣ್ಣು ಮುಚ್ಚಿದರು. ಕಾಟಯ್ಯನವರು ಪೀಠದಿಂದ ಇಳಿದರು. ಬೆಂಚುಗಳ ನಡುವೆ ಬರಿಗಾಲಲ್ಲಿ ನಡೆದು, ಬಾಗಿಲು ದಾಟಿ, ನಿನ್ನೆ ಕಾಯಿ ಸತ್ತಂತೆ ಮಲಗಿದ್ದ ಹೊಸ್ತಿಲ ಮುಂದಿನ, ಕೆಳಗೆ ನೀರಿಲ್ಲದ ನೆಲದ ಮೇಲೆ ನಿಂತರು. ಅಲ್ಲಿಂದಲೇ ಊರಿಗೆಲ್ಲ ಕೇಳುವಂತೆ ನೀರು ಬೇಡಿಕೊಂಡರು. ಆಮೇಲೆ ಆಶೀರ್ವಾದಕ್ಕೆ ಬಲಗೈ ಎತ್ತಿದರು.

ಜಯಶೀಲ ಮೇಷ್ಟ್ರು ಕಣ್ಣು ತೆರೆದು, ಹಿಂದಕ್ಕೆ ತಿರುಗಿ, ಆ ಅಂಗೈಯನ್ನೇ ನೋಡುತ್ತಿದ್ದರು. ಪಾದ್ರಿಗಳೂ ಅದನ್ನೇ ನೋಡುತ್ತಿದ್ದರು. ಆಮೆನ್ ಇನ್ನೂ ಬಂದಿರಲಿಲ್ಲ.