ಕಿರಿಮಗಳ ವೀಣೆ

"ಇದು ನಮ್ಮ ಕಿರಿಮಗಳದ್ದು. ಒಂದೇ ವರ್ಷ ಕಲಿತಳು, ಮೊದಲನೇ ಗಂಡೇ ಒಪ್ಪಿಬಿಡ್ತು," ಎಂದರು ಜಯದೇವಪ್ಪ, ವೀಣೆಯ ಮೇಲಿನ ಹಳೆ ಪಂಚೆ ಸರಿಸುತ್ತಾ.

ಕಾಫಿ ಲೋಟಗಳನ್ನು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹಿರಿಮಗಳು ಪಂಕಜಾಕ್ಷಿಯ ಕಿವಿ ಬಿಸಿಯಾಯಿತು. ತಂಗಿ ಆ ವೀಣೆಯನ್ನು ಧೂಳು ಒರೆಸಲೂ ಮುಟ್ಟಿದವಳಲ್ಲ. ಹನ್ನೊಂದು ವರ್ಷ ನುಡಿಸಿದ್ದು ಇವಳು. "ಆ ಸದ್ದಿಗೇ ಬಂದ ಗಂಡೆಲ್ಲ ಓಡಿಹೋಗ್ತಾವೆ" ಎಂದು ಅಪ್ಪ ಮಾರಲು ಹೊರಟಾಗ ಬೇಡ ಎನ್ನಲು ಬಾಯಿ ಬಂದಿರಲಿಲ್ಲ. ಬಿ.ಎ. ಓದಿದ ಬಾಯಿ. ಈಗ ನುಡಿಸಿದವಳೂ ತಾನಲ್ಲ ಎಂದಾಗಿಹೋಯಿತು.

ಮಗಳು ನೀಲಾಂಬಿಕೆಗೆ ವೀಣೆ ಕೊಳ್ಳಲು ಅವಳನ್ನೂ ಕರೆದುಕೊಂಡು ಕಡೂರಿನಿಂದ ಅಜ್ಜಂಪುರಕ್ಕೆ ಬೆಳಗಿನ ರೈಲಿಗೆ ಬಂದಿಳಿದಿದ್ದ ತೀರ್ಥಮ್ಮನ ಸೆರಗಿನಲ್ಲಿ ಇನ್ನೂ ಎಂಜಿನ್ನಿನ ಇದ್ದಿಲ ಮಸಿಯಿತ್ತು. ಚಾಪೆಯ ಮೇಲೆ ಕೂತು ವೀಣೆಯನ್ನು ತೊಡೆಗೆ ಎಳೆದುಕೊಂಡರು. ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ತಂತಿ ಬಿಗಿಯುವ ಬಿರಡೆ ಜಾರುತ್ತದೆಯೇ ಎಂದು ತಿರುವಿದರು. ತಂತಿಯಡಿಯ ಮೆಟ್ಟಿಲು ಕೂರಿಸಿದ ಮೇಣಕ್ಕೆ ಉಗುರೊತ್ತಿ ನೋಡಿದರು.

"ನಿಮಗೆ ಇದೆಲ್ಲ ತಿಳಿಯುತ್ತೇನಮ್ಮಾ?" ಎಂದರು ಜಯದೇವಪ್ಪ.

"ಮದ್ವೆಗೆ ಮುಂಚೆ ನಾನೂ ನುಡಿಸ್ತಿದ್ದೋಳೇ ಕಣ್ರೀ. ಕಲಿಯೋ ಮಕ್ಕಳ ಕೈಗೆ ಹೊಸದು ಬಗ್ಗಲ್ಲ. ಪಳಗಿದ್ದೇ ವಾಸಿ."

ಅವರ ಬೆರಳು ಹಿತ್ತಾಳೆ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಇಳಿಯುತ್ತಾ ಹೋಗಿ ಕೊನೆಯ ಸಣ್ಣ ಮೆಟ್ಟಿಲುಗಳ ಹತ್ತಿರ ನಿಂತಿತು.

"ಒಂದು ವರ್ಷ ಅಂದ್ರಿ. ಒಂದು ವರ್ಷಕ್ಕೆ ಕೈ ಇಲ್ಲೀತನಕ ಬರೋದೇ ಇಲ್ಲ. ನೋಡಿ, ತಂತಿ ಎಳೆದೂ ಎಳೆದೂ ಹಿತ್ತಾಳೇಲಿ ಗೀರು ಬಿದ್ದೈತೆ. ಹತ್ತು ವರ್ಷದ ಕೈ ಇದು, ಯಜಮಾನ್ರೆ."

"ಹುಡುಗಿ ಸ್ವಲ್ಪ ಜೋರಾಗಿ ಒತ್ತುತಿದ್ಲು," ಜಯದೇವಪ್ಪ ನಕ್ಕರು.

"ಒನಕೆ ಹಿಡ್ಕೊಂಡು ಒತ್ತಿದ್ಲಾ?"

ನೀಲಾಂಬಿಕೆ ಕಿಸಕ್ಕೆಂದಳು. ಪಂಕಜಾಕ್ಷಿ ಲೋಟಗಳನ್ನು ನೆಲಕ್ಕಿಟ್ಟ ರಭಸಕ್ಕೆ ಕಾಫಿ ಚೆಲ್ಲಿತು.

"ನಾನು ನುಡಿಸಿದ್ದು."

"ಏ, ಒಳಗೆ ಹೋಗೆ."

"ನಾನು ನುಡಿಸಿದ್ದು ಅಪ್ಪಾಜಿ, ಹನ್ನೊಂದು ವರ್ಷ. ದಿನಾ ಬೆಳಗ್ಗೆ ನಿಮ್ಮ ನಿದ್ದೆ ಕೆಡಿಸಿದ್ದೂ ನಾನೇ. ಅದನ್ನೂ ತಂಗಿ ಲೆಕ್ಕಕ್ಕೆ ಬರೀಬೇಡಿ." ದನಿ ನಡುಗುತ್ತಿತ್ತು. ಹೆದರಿಕೆಗಲ್ಲ ಎಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು.

ತೀರ್ಥಮ್ಮ ಮೊದಲು ಅವಳ ಕುತ್ತಿಗೆ ನೋಡಿದರು. ಆಮೇಲೆ ಕಾಲ್ಬೆರಳು.

"ಎಷ್ಟು ವಯಸ್ಸಮ್ಮಾ ನಿಂಗೆ?"

"ಇಪ್ಪತ್ತೊಂಬತ್ತು."

ಒದ್ದೆ ಮಾಡಿದ ಕೂಸನ್ನು ಇಳಿಸುವಂತೆ ತೀರ್ಥಮ್ಮ ವೀಣೆಯನ್ನು ತೊಡೆಯಿಂದ ಇಳಿಸಿದರು. "ನಾದ ಚೆನ್ನಾಗೈತೆ, ಸುಳ್ಳು ಹೇಳಬಾರದು. ಆದ್ರೆ ನಾಳೆ ನಮ್ಮ ಹುಡುಗೀನ ನೋಡೋಕೆ ಬಂದೋರು ಯಾರ ವೀಣೆ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಬೇಡ ಬಿಡಿ."

"ಅರ್ಧಕ್ಕೇ ತಗೊಂಡು ಹೋಗಿ," ಎಂದರು ಜಯದೇವಪ್ಪ.

"ಪೂರ್ತಿ ಕೊಟ್ರೂ ಇನ್ನು ಕೊಡೋದಿಲ್ಲ." ಪಂಕಜಾಕ್ಷಿ ಚಾಪೆಯ ಮೇಲೆ ಕೂತೇಬಿಟ್ಟಳು, ವೀಣೆಗೆ ಅಡ್ಡಲಾಗಿ.

"ಅಮ್ಮಾ, ನಂಗೆ ಇದೇ ಬೇಕು," ನೀಲಾಂಬಿಕೆ ಪಿಸುಗುಟ್ಟಿದಳು. ತೀರ್ಥಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

ಪಂಕಜಾಕ್ಷಿಗೆ ಸಿಟ್ಟು ಇಳಿದಿರಲಿಲ್ಲ. "ನಿಮ್ಮದು ಮದ್ವೆ ತಂದ ವೀಣೆ ಅಲ್ವಾ? ಇವಳಿಗೆ ಅದನ್ನೇ ಕೊಡಿ. ಯಾರು ಕೇಳಿದ್ರೂ ಹೇಳಬಹುದು."

"ಅದೆಲ್ಲೈತೆ ತಾಯಿ?" ತೀರ್ಥಮ್ಮ ಸೆರಗು ಸರಿಮಾಡಿಕೊಂಡರು. ಬೇಸರವೇನೂ ಇರಲಿಲ್ಲ ಆ ಮುಖದಲ್ಲಿ, ಒಂದಿಷ್ಟು ಹೆಮ್ಮೆಯೇ ಇತ್ತು. "ಮದ್ವೆಯಾದ ವರ್ಷವೇ ನಮ್ಮತ್ತೆ ಅದರ ಕತ್ತಿನ ಕೆಳಗಿನ ಸೋರೆ ಬುರುಡೆ ಬಿಚ್ಕೊಂಡು ಅವರೆ ಬೀಜ ತುಂಬಿಟ್ರು. ಉಳಿದದ್ದು ಒಲೆಗಾಯ್ತು. ಆದ್ರೂ ಏನ್ ಬುರುಡೆ ಅಂತೀಯ, ಇವತ್ತಿಗೂ ಒಂದು ಕಾಳಿಗೂ ಹುಳ ಬಿದ್ದಿಲ್ಲ."