ಬೇಸಿಕಲಿಯ ಸಿಪ್ಪೆ

ಮಾತುಮಾತಿಗೂ ಸುಮ್ಮನೆ ತುರುಕುವ ಇಂಗ್ಲಿಷ್ ಪದ ಶೇಂಗಾ ಸಿಪ್ಪೆಯಾಗಿ ನೆಲಕ್ಕೆ ಉದುರುವುದು ಈಗ ಎಲ್ಲರ ಮನೆಯ ಪಾಡು. ಧಾರವಾಡದ ಅಜ್ಜಿಯ ಮನೆಗೆ ರಜೆಗೆ ಬಂದ ಶ್ರಾವಣಿಯಂತೂ ಹೋದಲ್ಲೆಲ್ಲ 'ಬೇಸಿಕಲಿ', 'ಲಿಟರಲಿ' ಉದುರಿಸುತ್ತಿದ್ದಳು. ಅಜ್ಜಿ ನೀಲವ್ವ ಗೊಣಗುತ್ತ, ಕಸಬರಿಗೆ ಹಿಡಿದು ಅವಳ ಹಿಂದೆಯೇ ತಿರುಗುತ್ತಿದ್ದಳು.

ರಜೆ ಮುಗಿದು ಹುಡುಗಿ ಬಸ್ಸು ಹತ್ತಿದಳು. ಪಡಸಾಲೆಯ ತುಂಬ ಅವಳ ಸಿಪ್ಪೆ. ನೀಲವ್ವನ ಸೊಸೆ ಕಸಬರಿಗೆ ಎತ್ತಿಕೊಂಡಳು.

"ಹೋದವರ ಬೆನ್ನಿಗೇ ಕಸಾ ಹೊಡೀಬಾರದು," ಎಂದು ನೀಲವ್ವ ತಡೆದಳು.

ವಾರ ಕಳೆದರೂ ಅದೇ ಮಾತು.

"ಅತ್ತೀ, ಆಕಿ ಊರು ಮುಟ್ಟಿ ವಾರ ಆತ್ರಿ."

"ಇರ್ಲಿ ಬಿಡು. ಮನಿ ಬೇಸಿಕಲಿ ಸ್ವಚ್ಛನ ಐತಿ."

ನೀಲವ್ವನ ಕಾಲ ಬಳಿ ಹೊಸ ಸಿಪ್ಪೆಯೊಂದು ಬಿತ್ತು. ಅವಳು ಸೊಸೆಯ ಮುಖ ನೋಡದೆ, ಅದನ್ನು ಕಾಲ್ಬೆರಳಿನಿಂದ ಮೆಲ್ಲಗೆ ಮೊಮ್ಮಗಳ ಸಿಪ್ಪೆಗಳ ನಡುವೆ ಸರಿಸಿದಳು.